ಪಾಸ್ ಮಾಡಿದವರ ಸಹಿ

ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯ? ಕಣ್ಣು ಹೇಗಿದೆ? ಹೋದ ತಿಂಗಳು ಕಣ್ಣಿಗೆ ಮರಳು ಬಿದ್ದ ಹಾಗಾಗುತ್ತದೆ ಎಂದಿದ್ದೆ. ಮುಖವಾಡದ ಕಪ್ಪು ಗಾಜನ್ನು ಪೂರ್ತಿ ಇಳಿಸುವಷ್ಟು ತಾಳ್ಮೆ ನಿನಗೆಲ್ಲಿದೆ? ಅರ್ಧ ಇಳಿಸಿ ಕಿಡಿ ಹೊಡೆಸಿರುತ್ತೀಯ. ಆ ಹಡಗುಕಟ್ಟೆಯವರಿಗೆ ವೆಲ್ಡರ್ ಹೋದರೆ ಇನ್ನೊಬ್ಬ ವೆಲ್ಡರ್ ಸಿಗುತ್ತಾನೆ, ನನಗೆ ನಿನ್ನ ಕಣ್ಣು ಇನ್ನೊಂದು ಜೊತೆ ಸಿಗುವುದಿಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯ ತಾನೆ? ಗೋಡೆ ನಡುಗುವಂತೆ ಗೊರಕೆ ಹೊಡೆಯುವ ನಿನ್ನ ಕೋಣೆಯ ಗೆಳತಿ ಕ್ಷೇಮವಾ? ಅವಳ ಗೊರಕೆಯ ಬಗ್ಗೆ ನೀನು ದೂರು ಹೇಳುವಾಗಲೆಲ್ಲ ನನಗೆ ನಗು ಬರುತ್ತದೆ. ನೀನು ನಿದ್ದೆಯಲ್ಲಿ ಭಾಷಣ ಮಾಡುತ್ತೀಯ ಎಂದು ಆ ಬಡಪಾಯಿ ಯಾರ ಹತ್ತಿರ ಹೇಳಿಕೊಳ್ಳಬೇಕು? ನಿನ್ನಪ್ಪ ಚೆನ್ನಾಗಿದ್ದಾರೆ. ಮೊಣಕಾಲು ಮೊದಲಿನಂತೆಯೇ ಕಟಕಟ ಎನ್ನುತ್ತದೆ. ಆದರೂ ಲಿಫ್ಟ್ ಕೆಟ್ಟಿದೆ ಎಂದು ಯಾರಾದರೂ ಕರೆದರೆ ಚೀಲ ಹೆಗಲಿಗೇರಿಸಿಕೊಂಡು ಏಳು ಮಹಡಿ ಹತ್ತಿಬಿಡುತ್ತಾರೆ.

ಫೋನು ಬಿಟ್ಟು ಇದೇನು ಕಾಗದ ಎಂದು ಹುಬ್ಬೇರಿಸಬೇಡ. ಈ ಮನೆಯಲ್ಲಿ ಫೋನು ಅಂದರೆ ಊಟದ ಮೇಜಿನ ಮೇಲೆ ಸ್ಪೀಕರಿಗೆ ಹಾಕಿಟ್ಟ ಫೋನು. ನೀನು 'ಅಮ್ಮ ಹೇಗಿದ್ದೀಯಾ' ಎಂದು ಕೇಳಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನಪ್ಪ 'ಅವಳಿಗೇನಾಗಿದೆ, ಗುಂಡುಕಲ್ಲು ಇದ್ದ ಹಾಗಿದಾಳೆ' ಎಂದಿರುತ್ತಾರೆ. ಹಾಗೆಂದ ಮೇಲೆ ನಾನು 'ಅಲ್ಲಪ್ಪ, ಹುಷಾರಿಲ್ಲ' ಎನ್ನುವುದು ಹೇಗೆ? ಆದ್ದರಿಂದ ಬರೆದೇ ಹೇಳುತ್ತೇನೆ. ನನಗೆ ಹುಷಾರಿಲ್ಲ ಮಗಳೇ. ಇದೊಂದು ವಾಕ್ಯವನ್ನು ಸರಿಯಾಗಿ ಬರೆಯುವುದಕ್ಕೆ ಮೂರು ಹಾಳೆ ಹರಿದು ಹಾಕಿದ್ದೇನೆ. ಮುಂದಿನ ಗುರುವಾರ, ಇಪ್ಪತ್ತನೇ ತಾರೀಖು, ನನಗೆ ಹೊಟ್ಟೆಯ ಆಪರೇಷನ್ ಇದೆ. ಗಾಬರಿಯಾಗಿ ಕೊನೆಯ ಪುಟಕ್ಕೆ ಹಾರಬೇಡ, ವರಸೆಯಾಗಿ ಓದು.

ಶುರುವಾದದ್ದು ಆಗಸ್ಟಿನಲ್ಲಿ. ಹೊಟ್ಟೆ ಉಬ್ಬಿದ ಹಾಗೆ, ನಾಲ್ಕು ತುತ್ತಿಗೇ ಸಾಕು ಅನ್ನಿಸುವ ಹಾಗೆ. ಕೆಲಸದ ಕೋಟಿನ ಕೆಳಗಿನ ಗುಂಡಿ ಹಾಕಲಾಗದೆ ಮೊದಲು ಅದನ್ನು ಜರುಗಿಸಿದೆ, ಆಮೇಲೆ ಬಿಚ್ಚಿಯೇ ಬಿಟ್ಟೆ. ದಿನಕ್ಕೆ ಹತ್ತು ಸಲ ಬಚ್ಚಲಿಗೆ ಓಡುವುದು, ಸಂಜೆಯಾದರೆ ಸೊಂಟದಲ್ಲಿ ಒಂದು ಸೆಳೆತ. ವಯಸ್ಸಾಯಿತು ಅಂದುಕೊಂಡೆ. ಐವತ್ತನಾಲ್ಕಕ್ಕೆ ಇನ್ನೇನಾಗಬೇಕು ಎಂದು ನಮ್ಮ ಅಂಗಿ ಕಾರ್ಖಾನೆಯ ಶೆಡ್ಡಿನ ಇಸ್ತ್ರಿಯವಳೂ ಹೇಳಿದಳು. ಅವಳಿಗೆ ಎಲ್ಲದಕ್ಕೂ ವಯಸ್ಸೇ ಕಾರಣ, ಇಸ್ತ್ರಿಪೆಟ್ಟಿಗೆ ಕೆಟ್ಟರೂ ಅದಕ್ಕೆ ವಯಸ್ಸಾಯಿತು ಎನ್ನುತ್ತಾಳೆ.

ಸೆಪ್ಟೆಂಬರಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಬೀದಿ ತಿರುವಿನ ಡಾಕ್ಟರ ಹತ್ತಿರ ಹೋದೆವು. ಪೆನ್ನಿನ ತಲೆಯನ್ನು ಟಿಕ್ ಟಿಕ್ ಒತ್ತುತ್ತಾ ಕೂರುತ್ತಾರಲ್ಲ, ಅವರೇ. ಎರಡು ಸಲವೂ ನಿನ್ನಪ್ಪ ಜೊತೆಗೆ ಬಂದಿದ್ದರು, ಎರಡು ಸಲವೂ ಕಾಯಿಲೆ ನನ್ನದು, ಮಾತು ಅವರದು. 'ಏನಿಲ್ಲ ಡಾಕ್ಟ್ರೇ, ಸ್ವಲ್ಪ ಗ್ಯಾಸು. ಹೊತ್ತಿಗೆ ಸರಿಯಾಗಿ ತಿನ್ನಲ್ಲ.' ಅವರನ್ನು ದೂರಿ ಏನು ಪ್ರಯೋಜನ? ಮೂವತ್ತು ವರ್ಷದಿಂದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಹೊರಗಡೆಯಿಂದ 'ಏನೂ ಆಗಿಲ್ಲ, ಎರಡೇ ನಿಮಿಷ' ಎಂದು ಕೂಗಿ ಕೂಗಿ ಅವರ ನಾಲಿಗೆಗೆ ಅದೇ ರೂಢಿಯಾಗಿದೆ. ಆದರೆ ನಾನು ಮಾಡಿದ್ದು ಕೇಳಿದರೆ ನೀನು ತಲೆ ಚಚ್ಚಿಕೊಳ್ಳುತ್ತೀಯ. ನಮ್ಮ ಶೆಡ್ಡಿಗೆ ಮಾಲು ಕೊಳ್ಳುವವರ ಕಡೆಯ ತಪಾಸಣೆಗಾರ ಬರುವ ದಿನ ಏನು ಮಾಡುತ್ತೇವೆ ಗೊತ್ತಲ್ಲ? ಪ್ರತಿ ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಚೆನ್ನಾಗಿರುವ ಅಂಗಿಗಳನ್ನು ಮಡಿಸಿ ಇಡುತ್ತೇವೆ. ಇಪ್ಪತ್ತೆರಡು ವರ್ಷದ ಆ ಬುದ್ಧಿ ಎಲ್ಲಿಗೆ ಹೋಗುತ್ತದೆ? ಡಾಕ್ಟರು ನೋಡುವ ದಿನ ಹೊಟ್ಟೆ ಉಬ್ಬಿದ್ದರೆ ನಾಚಿಕೆಗೇಡು ಎಂದುಕೊಂಡು ಹಿಂದಿನ ದಿನದಿಂದಲೇ ಊಟ ಬಿಟ್ಟೆ, ಗ್ಯಾಸಿನ ಮಾತ್ರೆ ಎರಡು ನುಂಗಿದೆ, ಇದ್ದುದರಲ್ಲಿ ಸಡಿಲವಾದ ಬಟ್ಟೆ ಹಾಕಿಕೊಂಡು ತಲೆ ಬಾಚಿ ಪೌಡರು ಬಳಿದುಕೊಂಡು ಹೋದೆ. ಅವರು 'ಹೇಗಿದ್ದೀರಿ' ಅಂದರು, ನಾನು 'ಚೆನ್ನಾಗಿದೀನಿ ಸಾರ್' ಅಂದೆ. ಬೆರಳಿನಿಂದ ಒತ್ತಿ ನೋಡಿದಾಗ ನೋವಾದರೂ ಹಲ್ಲು ಕಚ್ಚಿ ನಕ್ಕೆ. ಅವರಿಗಾದರೂ ಏನು ಕಾಣಬೇಕು ಹೇಳು. ಗ್ಯಾಸಿನ ಮಾತ್ರೆ ಬರೆದುಕೊಟ್ಟು ನಡೆಯಲು ಹೇಳಿದರು. ದಿನವೂ ಅಂಗಿಗಳಲ್ಲಿ ತಪ್ಪು ಹುಡುಕುವವಳು ನನ್ನ ತಪ್ಪನ್ನು ನಾನೇ ಮುಚ್ಚಿಟ್ಟು ಮನೆಗೆ ಬಂದೆ.

ಜನವರಿಯಲ್ಲಿ ಒಂದು ದಿನ ಕೆಲಸದ ಮೇಜಿನ ಮೇಲೆ ಅಂಗಿಯ ಸೊಂಟ ಅಳೆಯುತ್ತಿದ್ದವಳು ಯಾಕೋ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿದೆ. ಮೂವತ್ತೈದು ಇಂಚು. ಮೊದಲು ಮೂವತ್ತಮೂರು ಇತ್ತು. ದಪ್ಪಗಾದೆ ಅಂದುಕೊಳ್ಳೋಣವೆಂದರೆ ಪಾರ್ಸೆಲ್ ತೂಗುವ ಯಂತ್ರದ ಮೇಲೆ ನಾಲ್ಕು ಕಿಲೋ ಕಮ್ಮಿ. ಕೆನ್ನೆ ಒಳಗೆ ಹೋಗಿದೆ, ಸೊಂಟ ಹೊರಗೆ ಬಂದಿದೆ. ಬಟ್ಟೆಯ ಲೆಕ್ಕದಲ್ಲಿ ಇದು ಹೊಂದದ ಅಳತೆ, ಯಾವ ಮೈಗೂ ಹೀಗೆ ಕತ್ತರಿಸುವುದಿಲ್ಲ. ಅಲ್ಲಿಂದ ಪ್ರತಿ ಸೋಮವಾರ ಬೆಳಗ್ಗೆ, ಏನೂ ತಿನ್ನುವ ಮೊದಲು, ಅಳೆದು ಬರೆದಿಟ್ಟೆ. ಐದನೇ ಸೋಮವಾರಕ್ಕೆ ಮೂವತ್ತಾರೂವರೆ ಆಯಿತು.

ಆಗ ನನ್ನ ದೋಷದ ಚೀಟಿ ನೆನಪಾಯಿತು. ನೀನು ಚಿಕ್ಕವಳಿದ್ದಾಗ ದೋಷ ತೋರಿಸುವ ಆ ಕೆಂಪು ಬಾಣದ ಸ್ಟಿಕ್ಕರುಗಳನ್ನು ಗೊಂಬೆಯ ಮೈಗೆಲ್ಲ ಅಂಟಿಸಿ ನನ್ನಿಂದ ಬೈಸಿಕೊಂಡಿದ್ದೀಯ, ಆದರೆ ಚೀಟಿಯ ಕಟ್ಟಳೆ ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ 'ಈ ಅಂಗಿ ಸರಿ ಇಲ್ಲ' ಎಂದರೆ ಯಾರೂ ಕೇಳುವುದಿಲ್ಲ. ದೋಷ ಏನು, ಎಲ್ಲಿ, ಎಷ್ಟು ಅಳತೆ, ಯಾವಾಗಿನಿಂದ ಎಂದು ನಾಲ್ಕು ಮನೆ ತುಂಬಿಸಿ ಮೇಲಿನವರಿಗೆ ಕೊಡಬೇಕು. ಐದನೇ ಮನೆ ಖಾಲಿ ಇರುತ್ತದೆ, ಅದರ ಮೇಲೆ 'ಪಾಸ್ ಮಾಡಿದವರ ಸಹಿ' ಎಂದು ಅಚ್ಚಾಗಿರುತ್ತದೆ. ದೋಷ ಇದೆ ಎಂದು ನಾನು ಬರೆದ ಮೇಲೂ ಪರವಾಗಿಲ್ಲ ಕಳಿಸಿ ಅನ್ನುವವರು ಅಲ್ಲಿ ಸಹಿ ಹಾಕಬೇಕು. ನಮ್ಮ ಸೂಪರ್‌ವೈಸರು ಎಷ್ಟು ಹಾರಾಡಿದರೂ ಆ ಮನೆ ಕಂಡ ಕೂಡಲೇ ಪೆನ್ನು ಜೇಬಿಗಿಟ್ಟು ಅಂಗಿಯನ್ನು ಮರುಹೊಲಿಗೆಗೆ ಕಳಿಸಿಬಿಡುತ್ತಾರೆ.

ಫೆಬ್ರುವರಿಯಲ್ಲಿ ನಿನ್ನಪ್ಪ ಕೆಲಸಕ್ಕೆ ಹೋದ ಮೇಲೆ ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಹೊಟ್ಟೆ ತುಂಬ ತಿಂದು, ಮಾತ್ರೆ ನುಂಗದೆ, ಗುಂಡಿ ಬಿಚ್ಚಿದ ಕೆಲಸದ ಕೋಟಿನಲ್ಲೇ ಹೋದೆ. ಶಾಲೆಯಲ್ಲಿ ನಿನ್ನ ತುಂಟತನಕ್ಕೆ ಕರೆಸಿದಾಗಲೂ ಅಷ್ಟು ಹೆದರಿರಲಿಲ್ಲ. ಅವರು 'ಹೇಗಿದ್ದೀರಿ' ಅಂದರು. 'ಚೆನ್ನಾಗಿಲ್ಲ ಸಾರ್' ಅಂದು, ನನ್ನ ಹೊಟ್ಟೆಯ ದೋಷ, ಅಳತೆ, ತಾರೀಖು ಎಲ್ಲ ತುಂಬಿಸಿದ ಚೀಟಿ ಮುಂದಿಟ್ಟೆ. ಓದಿ ನಕ್ಕರು. 'ಇಂಟರ್ನೆಟ್ ನೋಡ್ಕೊಂಡು ಬಂದ್ರಾ?' ಅಂದರು. ಇಲ್ಲ ಸಾರ್, ಟೇಪು ನೋಡಿಕೊಂಡು ಬಂದೆ ಅಂದೆ. ವಯಸ್ಸು, ಯೋಚನೆ, ಮಗಳು ದೂರ ಇದ್ದಾಳೆ, ಮನೆ ಖಾಲಿ, ಮೂರು ತಿಂಗಳು ನೋಡೋಣ ಅಂದರು. ನನ್ನ ಹೊಟ್ಟೆಗೂ ನೀನೇ ಕಾರಣವಂತೆ, ಕೇಳಿಸಿಕೋ! ಸ್ಕ್ಯಾನ್ ಮಾಡಿಸಬಹುದಾ ಅಂದೆ. ಬೇಕಾಗಿಲ್ಲ ಅಂದರು. ಇಷ್ಟು ದಿನದ ನಾನಾಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದೆ, ಅರ್ಧ ಎದ್ದೂ ಇದ್ದೆ. ಆಮೇಲೆ ಮತ್ತೆ ಕೂತು ಹೇಳಿದೆ: 'ಆಗಲಿ ಸಾರ್. ಈ ಅಳತೆ ಎಲ್ಲ ನೋಡಿದೀನಿ, ಆದ್ರೂ ಸ್ಕ್ಯಾನ್ ಬೇಡ ಅಂತ ಈ ಚೀಟಿ ಮೇಲೆ ಬರೆದು ಕೆಳಗೆ ಒಂದು ಸಹಿ ಹಾಕ್ಕೊಡಿ. ನಮ್ಮಲ್ಲಿ ಹಾಗೇ ಪದ್ಧತಿ.' ಪೆನ್ನಿನ ಟಿಕ್ ಟಿಕ್ ನಿಂತುಹೋಯಿತು. ಅವರು ಚೀಟಿಯನ್ನು ಇನ್ನೊಂದು ಸಲ ಮೇಲಿಂದ ಕೆಳಗಿನವರೆಗೆ ಓದಿದರು. ಮಂಚದ ಮೇಲೆ ಮಲಗಿಸಿ ಈ ಸಲ ಗಡಿಯಾರ ನೋಡದೆ ಹೊಟ್ಟೆ ಒತ್ತಿದರು, ನೋವಾದಲ್ಲಿ ನಾನು ನೋವು ಎಂದು ಬಾಯಿಬಿಟ್ಟು ಹೇಳಿದೆ. ಎಡಗಡೆ ಅವರ ಕೈ ನಿಂತಿತು. ಸ್ಕ್ಯಾನಿಗೆ ಬರೆದರು, ತಾವೇ ಫೋನು ಮಾಡಿ ಮಾರನೇ ದಿನವೇ ಹೊತ್ತು ಗೊತ್ತುಮಾಡಿಕೊಟ್ಟರು. ಕೆಟ್ಟ ಮನುಷ್ಯರಲ್ಲ ಕಣೇ.

ಸ್ಕ್ಯಾನ್ ಮಾಡುವವಳು ವಾಚಾಳಿ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಾ ತನ್ನ ಮಗುವಿನ ಹಲ್ಲಿನ ಕಥೆ ಹೇಳುತ್ತಿದ್ದಳು. ಅರ್ಧ ಕಥೆಯಲ್ಲಿ ಸುಮ್ಮನಾದಳು. ಅಂಗಿಯಲ್ಲಿ ದೊಡ್ಡ ದೋಷ ಸಿಕ್ಕಾಗ ನಮ್ಮ ಮೇಜಿನಲ್ಲೂ ಮಾತು ಹಾಗೇ ನಿಲ್ಲುತ್ತದೆ. ಎಡಗಡೆಯ ಅಂಡಾಶಯದ ಮೇಲೆ ಹತ್ತು ಸೆಂಟಿಮೀಟರಿನ ಗಡ್ಡೆ, ಹೊಟ್ಟೆಯಲ್ಲಿ ಸ್ವಲ್ಪ ನೀರು. ರಕ್ತದಲ್ಲೂ ಒಂದು ಅಂಕಿ ಇರಬೇಕಾದ್ದಕ್ಕಿಂತ ತುಂಬ ಮೇಲಿದೆ. ಅದು ಯಾವ ಜಾತಿಯ ಗಡ್ಡೆ ಎಂದು ತೆರೆದು ನೋಡಿದ ಮೇಲೆಯೇ ಗೊತ್ತಾಗುವುದಂತೆ. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ, ನಿನಗೆ ಅರ್ಥವಾಗಿರುತ್ತದೆ. ಅಲ್ಲ, ಬರೆಯುತ್ತೇನೆ. ಕ್ಯಾನ್ಸರ್ ಇರಬಹುದು.

ದೊಡ್ಡಾಸ್ಪತ್ರೆಯ ಸರ್ಜನ್ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಮುಖ ಗಂಟಿಕ್ಕಿಕೊಂಡೇ ಇರುತ್ತಾಳೆ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನಾನು ಅಂಗೈಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಬೆವರಿಗೆ ಒಂದು ಅಳಿಸಿಹೋಗಿ ಮೂರು ಕೇಳಿದೆ. ಎರಡಕ್ಕೆ ಚಿತ್ರ ಬರೆದು ವಿವರಿಸಿದಳು, ಒಂದಕ್ಕೆ 'ಗೊತ್ತಿಲ್ಲ' ಎಂದಳು. ಆ ಗೊತ್ತಿಲ್ಲ ಕೇಳಿ ನನಗೆ ವಿಚಿತ್ರವಾದ ಧೈರ್ಯ ಬಂತು, ಇವಳು ಸುಳ್ಳು ಹೇಳುವವಳಲ್ಲ ಎಂದು. ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು: 'ನಿಮ್ಮ ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡ್ರು?' ವಯಸ್ಸಾಗಿತ್ತು ಅಂದೆ. ಅವಳು ಬರೆದುಕೊಳ್ಳದೆ ಪೆನ್ನು ಹಿಡಿದು ಕಾದಳು.

ಚಿನಕುರುಳಿ, ಅಲ್ಲೇ ಕುರ್ಚಿಯಲ್ಲಿ ನನಗೆ ಆ ವಾರ್ಡು ಕಣ್ಣಿಗೆ ಕಟ್ಟಿತು. ಅಜ್ಜಿಯ ಮಂಚದ ಪಕ್ಕ ನೀನು ನಿಂತಿದ್ದೆ, ಹತ್ತೊಂಬತ್ತು ವರ್ಷದ ಕಡ್ಡಿ ಪೈಲ್ವಾನ್. 'ನಿನ್ನೆ ಕೊಡ್ತಿದ್ದ ಮಾತ್ರೆ ಇವತ್ತು ಯಾಕೆ ನಿಲ್ಲಿಸಿದ್ರಿ? ಅಜ್ಜಿ ಹೊಟ್ಟೆಯಲ್ಲಿ ಏನಿದೆ ಅಂತ ಯಾರೂ ಯಾಕೆ ಹೇಳ್ತಿಲ್ಲ?' ಎಂದು ಆ ದೊಡ್ಡ ಡಾಕ್ಟರನ್ನು ಕೇಳಿದೆ. ನಾನು ನಿನ್ನ ತೋಳು ಚಿವುಟಿ ವರಾಂಡಕ್ಕೆ ಎಳೆದುಕೊಂಡು ಬಂದೆ. ತಲೆಹರಟೆ ಅಂದೆ, ಮಾನ ಕಳೆದೆ ಅಂದೆ, ವಾಪಸು ಒಳಗೆ ಕಳಿಸಿ ಕ್ಷಮೆ ಕೇಳಿಸಿದೆ. ನೀನು ಕೇಳಿದೆ ಕೂಡ, ನೆಲ ನೋಡುತ್ತಾ. ಹನ್ನೊಂದು ದಿನಕ್ಕೆ ಅಜ್ಜಿ ಹೋದರು, ಅವರ ಹೊಟ್ಟೆಯಲ್ಲಿ ಏನಿತ್ತೆಂದು ಈ ಏಳು ವರ್ಷದಲ್ಲಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆವತ್ತು ನಿನ್ನ ಬಾಯಿ ಮುಚ್ಚಿಸದೆ ಇದ್ದಿದ್ದರೆ ಇವತ್ತು ಸರ್ಜನ್ನಿಗೆ ನಾನೊಂದು ಉತ್ತರ ಕೊಡಬಹುದಿತ್ತು. ನನ್ನ ಗಡ್ಡೆ ಯಾವುದೆಂದು ಅವಳಿಗೂ ಸ್ವಲ್ಪ ಸುಳಿವು ಸಿಗುತ್ತಿತ್ತು. ನೀನು ಕೇಳಿದ್ದು ಸರಿ ಇತ್ತು. ನಾನು ಮಾಡಿದ್ದು ತಪ್ಪು. ಮನೆ ಬಿಟ್ಟು ಹೊರಡುವಾಗ 'ಈ ಮನೇಲಿ ಮಾತಾಡೋದೇ ತಪ್ಪು' ಎಂದಿದ್ದೆಯಲ್ಲ, ಎರಡು ವರ್ಷದಿಂದ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸಿಟ್ಟಾಗಿದ್ದೆ. ಈಗ ಸಿಟ್ಟಿಲ್ಲ. ನನ್ನನ್ನು ಕ್ಷಮಿಸು.

ನಿನ್ನಪ್ಪನ ವಿಷಯ. ಸ್ಕ್ಯಾನಿನಲ್ಲಿ ಬಂದದ್ದನ್ನು ಹೇಳಿದ ಮೇಲೆ ಅವರೂ ನನ್ನ ಜೊತೆ ದೊಡ್ಡಾಸ್ಪತ್ರೆಗೆ ಬರುತ್ತಿದ್ದಾರೆ. ನಿನ್ನೆ ನಾನು ಬಟ್ಟೆ ಬದಲಾಯಿಸುವ ಪರದೆಯ ಹಿಂದೆ ಬೂಟಿನ ಲೇಸು ಕಟ್ಟುತ್ತಿದ್ದೆ. ಆಚೆ ಅವರು ಸರ್ಜನ್ನಿಗೆ ತಗ್ಗಿದ ದನಿಯಲ್ಲಿ ಹೇಳುವುದು ಕೇಳಿಸಿತು. 'ಒಳಗೆ ಏನೇ ಸಿಕ್ಕಿದ್ರೂ ಅವಳಿಗೆ ಹೇಳ್ಬೇಡಿ ಮೇಡಂ. ನನಗೆ ಹೇಳಿ ಸಾಕು. ಅವಳಿಗೆ ಎಲ್ಲ ಸರಿಹೋಯ್ತು ಅಂತ ನಾನು ಹೇಳ್ಕೋತೀನಿ.' ಎಂಥ ಸಿಟ್ಟು ಬಂತೆಂದರೆ ಹಾಗೇ ಪರದೆ ಸರಿಸಿ ಬೈದುಬಿಡೋಣ ಅನ್ನಿಸಿತು. ಇಣುಕಿ ನೋಡಿದರೆ ಆ ಮನುಷ್ಯ ಎರಡೂ ಕೈಯಲ್ಲಿ ನನ್ನ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಾರೆ. ಬೈಯಲಾಗಲಿಲ್ಲ. ಮನೆಗೆ ಬಂದವರೇ ಆಸ್ಪತ್ರೆಗೆ ಒಯ್ಯಬೇಕಾದ ಬಟ್ಟೆಗಳನ್ನೆಲ್ಲ ಇಸ್ತ್ರಿ ಮಾಡಿದರು, ಟವೆಲನ್ನೂ ಬಿಡಲಿಲ್ಲ. ಇಸ್ತ್ರಿ ಮಾಡುತ್ತಾ 'ಏನೂ ಆಗಲ್ಲ ಬಿಡು' ಎಂದು ಏಳು ಸಲ ಹೇಳಿದರು. ಅವರು ಇಲ್ಲದೆ ನನಗೆ ಒಂದು ದಿನ ಕಳೆಯುವುದಿಲ್ಲ, ಅದು ನಿಜ. ಆದರೆ ನನ್ನ ಹೊಟ್ಟೆಯಲ್ಲಿರುವುದನ್ನು ನನಗೇ ಹೇಳದೆ ಮುಚ್ಚಿಟ್ಟರೆ ನಾನು ತಡೆದುಕೊಳ್ಳಲಾರೆ, ಇದೂ ನಿಜ.

ಉಳಿದಂತೆ ಎಲ್ಲ ಸುಖವಾಗಿದೆ. ಶೆಡ್ಡಿನಲ್ಲಿ ಆರು ವಾರ ರಜೆ ಕೊಟ್ಟಿದ್ದಾರೆ. ಇಸ್ತ್ರಿಯವಳು ಬಂದು ಮನೆ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ, ಅವಳ ಕೈಗೆ ಮನೆ ಕೊಡುವುದಕ್ಕಿಂತ ಬೀಗ ಹಾಕುವುದು ವಾಸಿ. ಅಲ್ಲಿ ನಿಮ್ಮ ಹಡಗು ನೀರಿಗಿಳಿಸುವ ತಿಂಗಳು, ರಜೆ ಸಿಗುವುದು ಕಷ್ಟ ಎಂದು ಗೊತ್ತು. ನೀನು ಬರಬೇಕೆಂದೇನಿಲ್ಲ, ಕೆಲಸ ಬಿಟ್ಟು ಓಡಿಬರಬೇಡ. ಗುರುವಾರ ಸಂಜೆ ಫೋನು ಮಾಡಿದರೆ ಸಾಕು. ಮುಖವಾಡ ಪೂರ್ತಿ ಇಳಿಸಿಕೊಂಡು ಕೆಲಸ ಮಾಡು, ಸಿಟ್ಟು ಬಂದಾಗ ಏಣಿ ಹತ್ತಬೇಡ. ಗೊರಕೆಯ ಗೆಳತಿಗೆ ನನ್ನ ನೆನಪು ತಿಳಿಸು. ನಿನಗೆ ಒಳ್ಳೆಯದಾಗಲಿ, ನನ್ನ ಆಯಸ್ಸಿನಲ್ಲಿ ಎಷ್ಟು ಉಳಿದಿದೆಯೋ ಅಷ್ಟೂ ಹಾರೈಕೆ ನಿನಗೇ.

ನಿನ್ನ,
ಅಮ್ಮ

ಮತ್ತೆ: ಕೊರಿಯರ್ ಅಂಗಡಿಯ ಕಟಕಟೆಯ ಮೇಲೆ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬರಬೇಡ ಎಂದು ಒಳಗೆ ಬರೆದದ್ದು ಸುಳ್ಳು, ಅದನ್ನು ಹೊಡೆದು ಹಾಕು. ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದ್ದಾರೆ. ನನಗೆ ಪ್ರಜ್ಞೆ ಇಲ್ಲದಾಗ ಡಾಕ್ಟರು ಯಾರಿಗೆ ವಿಷಯ ಹೇಳಬೇಕು, ಮುಂದೇನು ಮಾಡಬೇಕೆಂದು ನನ್ನ ಪರವಾಗಿ ಯಾರನ್ನು ಕೇಳಬೇಕು ಎಂದು ಅದರಲ್ಲಿ ಒಂದು ಸಾಲಿದೆ. ಅಲ್ಲಿ ನಿನ್ನಪ್ಪನ ಹೆಸರು ಬರೆಯಲಿಲ್ಲ, ನಿನ್ನ ಹೆಸರು ಬರೆದಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ, ಇವತ್ತು ಕೂರಿಸಿಕೊಂಡು ನಾನೇ ಹೇಳುತ್ತೇನೆ. ಹತ್ತೊಂಬತ್ತನೇ ತಾರೀಖು, ಬುಧವಾರ ಸಂಜೆ ಆರರೊಳಗೆ ನಾಲ್ಕನೇ ಮಹಡಿಯ ಕೌಂಟರಿನಲ್ಲಿ ನೀನು ಬಂದು ಅದಕ್ಕೆ ಸಹಿ ಹಾಕಬೇಕು, ಇಲ್ಲದಿದ್ದರೆ ಆ ಸಾಲು ತಾನಾಗಿ ಗಂಡನಿಗೆ ಹೋಗುತ್ತದಂತೆ. ಗುರುವಾರ ನನಗೆ ಎಚ್ಚರವಾದ ಕೂಡಲೇ 'ಏನು ಸಿಕ್ಕಿತು' ಎಂದು ನಿನ್ನನ್ನು ಕೇಳುತ್ತೇನೆ. ಏನು ಸಿಕ್ಕಿದ್ದರೂ ಅದನ್ನೇ ಹೇಳು. ನನಗೆ ತುಂಬ ಭಯವಾಗಿದೆ ಮಗಳೇ, ಬಾ.